ಕೋಟೆಗೋಡೆಯ ನೆರಳು

ಲೋಕದ ಕರ್ಮಗಳಿಗೆಲ್ಲ ಮೌನಸಾಕ್ಷಿಯಾಗಿ ಮೂಡಿ ಮುಳುಗುವ ಸೂರ್ಯನಾರಾಯಣನಿಗೆ ಮೊದಲು ನಮಸ್ಕಾರ. ತುಂಗಭದ್ರೆಯ ತೀರವನ್ನು ಕಾಯುವ ಪಂಪಾಪತಿಯು ಹೇಳುವ ನಾಲಗೆಗೆ ಶುದ್ಧಿಯನ್ನೂ ಕೇಳುವ ಕಿವಿಗೆ ವಿವೇಕವನ್ನೂ ಕರುಣಿಸಲಿ.

ಸಾವಿರದ ಒಂಬೈನೂರ ಐವತ್ತೊಂದರ ಮಾಘಮಾಸ. ಕುರುಗೋಡಿನ ಹೊರಗಿನ ಒಂದು ದೇವಿಯ ಗುಡಿಯಲ್ಲಿ ಸಂಜೆಯ ದೀಪ ಹಚ್ಚಲೆಂದು ಪೂಜಾರಿ ಹುಲುಗಪ್ಪ ಬೀಗ ತೆಗೆದನು. ಒಳಗೆ ಕಾಲಿಟ್ಟವನು ಕಡ್ಡಿ ಗೀರಿ ನೋಡಿದನು. ದೇವಿಯ ಬೆಳ್ಳಿಯ ಮುಖವಾಡ ಇರಲಿಲ್ಲ! ಬೀಗ ಮುರಿದಿರಲಿಲ್ಲ. ಕೀಲಿಕೈ ಇದ್ದುದು ಒಂದೇ — ಅದು ಅವನ ಉಡಿದಾರದಲ್ಲಿ.

ಬೆಳಗಿನ ಎಂಟು ಗಂಟೆಗೆ ಕಿಟಕಿಯಿಂದ ಕೈಮುಗಿದವರು ಮುಖವಾಡವನ್ನು ಕಂಡಿದ್ದರು. ಹತ್ತು ಗಂಟೆಗೆ ಬಂದ ಮುದುಕಿ ಗಾದೆಮ್ಮ ಬರಿಗಲ್ಲನ್ನು ಕಂಡು, ತೊಳೆಯಲು ತೆಗೆದಿರಬೇಕೆಂದು ಸುಮ್ಮನಾಗಿದ್ದಳು. ಆ ಎರಡು ಗಂಟೆಗಳಲ್ಲಿ ಹುಲುಗಪ್ಪ ಎಲ್ಲಿದ್ದನು?

ಬಳ್ಳಾರಿಯಲ್ಲಿ, ಹೆಂಡತಿಯೊಡನೆ ಫೋಟೋ ತೆಗೆಸಿಕೊಳ್ಳುತ್ತಿದ್ದೆ ಎಂದನು. ಫೋಟೋ ಅಂಗಡಿಯ ಜಡೆಪ್ಪ ಬೇರೆಯೇ ಹೇಳಿದನು — ದಂಪತಿಗಳು ಬಂದದ್ದು ಮಧ್ಯಾಹ್ನ ಮೂರರ ಸುಮಾರಿಗೆ. ಬಸ್ಸಿನ ಕಂಡಕ್ಟರನಿಗೆ ಯಾರ ಮುಖವೂ ನೆನಪಿರಲಿಲ್ಲ. ಗುಡಿಯ ಧರ್ಮಕರ್ತನಾದ ಸಿರುಗುಪ್ಪದ ಸುಂಕಣ್ಣ ಆ ರಾತ್ರಿಯೇ ತನ್ನ ಮೋಟಾರಿನಲ್ಲಿ ಬಂದು ದೂರು ಕೊಟ್ಟನು. ಹುಲುಗಪ್ಪ ಬಳ್ಳಾರಿಯ ಪೊಲೀಸ್ ಠಾಣೆಯ ಕಂಬಿಗಳ ಹಿಂದೆ ಬಿದ್ದನು.

ಐದನೆಯ ದಿನ ಬೆಳಿಗ್ಗೆ ಅವನ ಹೆಂಡತಿ ಹಂಪಕ್ಕ ಓಬಣ್ಣ ಪಂಡಿತರ ಹೊಸ್ತಿಲಲ್ಲಿ ಬಂದು ಕುಳಿತಳು. ಪಂಡಿತರು ಬಳ್ಳಾರಿಯ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು. ಪಂಚಾಂಗ ಗಣಿತದಲ್ಲಿ ನುರಿತವರು. ಸಬ್‌ಇನ್ಸ್‌ಪೆಕ್ಟರ್ ಮಾರೆಣ್ಣನಿಗೆ ಅಕ್ಷರ ಕಲಿಸಿದವರು.

"ಆತ ಒಪ್ಪಿಕೊಳ್ಳಾಕ ಹೊಂಟಾನ್ರಿ ಅಜ್ಜಾರ! ನಾನ ಕದ್ದೀನಿ ಅಂದ್ರ ಪೊಲೀಸ್ರು ನಿನ್ನ ತಂಟಿಗೆ ಬರೂದಿಲ್ಲ ಅಂತಾನ. ನಾಳಿ ಹತ್ತು ಗಂಟಿಗೆ ಕೋರ್ಟು. ಊರಾಗ ನನಗ ನೀರು ಸೇದಾಕ ಬಿಡವಲ್ರು. ಈ ಹೊಟ್ಟಿ ಹೊತ್ಕೊಂಡು ನಾ ಎಲ್ಲಿಗಿ ಹೋಗ್ಲಿ?"

ಆಕೆಗೆ ಏಳನೆಯ ತಿಂಗಳು.

"ಅಳಬ್ಯಾಡ ತಾಯಿ. ಫೋಟೋ ತೆಗೆಸಬೇಕು ಅಂತ ಯಾಕ ಅನ್ನಿಸ್ತು?"

"ನಮ್ಮವ್ವ ನನ್ನ ಹಡದು ಸತ್ಲ್ರಿ. ಆಕಿ ಮುಖ ಹೆಂಗಿತ್ತೋ ನನಗ ಗೊತ್ತಿಲ್ಲ. ನನಗೇನರ ಆದ್ರ ನನ್ನ ಕೂಸಿಗೆ ನೋಡಾಕ ಒಂದು ಮುಖ ಇರ್ಲಿ ಅಂತ..."

ಪಂಡಿತರು ಒಳಗಿನಿಂದ ನೀರು ತಂದು ಆಕೆಯ ಕೈಗಿತ್ತರು.

"ಜಡೆಪ್ಪನ ಅಂಗಡಿಗೇ ಹೋಗ್ರಿ ಅಂದವರು ಯಾರು?"

"ಧರ್ಮಕರ್ತ್ರು, ಸುಂಕಣ್ಣನೋರು. 'ಕುಬುಸದ ಶಾಸ್ತ್ರ ಆತಲ್ಲ, ಮುಂಜಾನಿ ಮೊದಲ ಬಸ್ಸಿಗೆ ಹೋಗಿ ಫೋಟೋ ತೆಗೆಸ್ಕೋರಿ' ಅಂತ ಚೀಟಿ ಬರದು ಕೊಟ್ರು."

"ಫೋಟೋ ಹೊರಗ ತೆಗೆದರಂತಲ್ಲ, ಅಂಗಡಿಯೊಳಗ ಪರದೆ ಇರಲಿಲ್ಲೇನು?"

"ಇತ್ರಿ! ನವಿಲು, ಕೊಳ, ಎಲ್ಲಾ ಬರದಿದ್ರು. ಅದರ ಮುಂದ ನಿಂದರ್ತೀವಂದ್ರ ಆ ಜಡೆಪ್ಪ ಕೇಳಲಿಲ್ಲ. 'ಪಟ್ಟಣದಾಗ ಇದಕ್ಕಿಂತ ಚಂದನ ಜಾಗ ಅದಾವು, ಬರ್ರಿ' ಅಂದ. ಮೊದಲು ರೈಲ್ ಠೇಸಣದ ಗಡಿಯಾರದ ಕೆಳಗ. ಆಮ್ಯಾಲ ಬ್ರೂಸ್‌ಪೇಟಿ ಜವಳಿ ಅಂಗಡಿ ಮುಂದ. ಅಲ್ಲಿಂದ ಕ್ವಾಟಿ ಗ್ವಾಡಿಗಿ. ನನ್ನ ಕಾಲು ಬಾತು ಕುಂಬಳಕಾಯಿ ಆಗಿದ್ವು."

"ಏಳು ತಿಂಗಳ ಬಸುರಿನ್ನ ಊರೆಲ್ಲಾ ಅಡ್ಡಾಡಿಸಿದನೇ?" — ಪಂಡಿತರು ಶಲ್ಯವನ್ನು ಹೆಗಲಿಗೇರಿಸಿದರು. "ನಡಿ, ಠಾಣೆಗೆ ಹೋಗೋಣು."

ಮಾರೆಣ್ಣ ಎದ್ದು ಕುರ್ಚಿ ಕೊಟ್ಟನು. ಆದರೆ ಅವನ ಧ್ವನಿ ಕಠಿಣವಾಗಿತ್ತು.

"ಗುರುಗಳೇ, ಈ ಚಿತ್ರ ನೋಡ್ರಿ. ಕೋಟೆಯ ಗೋಡಿ ದಕ್ಷಿಣಕ್ಕ ಮುಖ ಮಾಡೈತಿ. ನೋಡೋರ ಬಲಕ್ಕ ಪೂರ್ವ. ನೆರಳು ಬಿದ್ದದ್ದು ಬಲಕ್ಕ. ಅಂದ್ರ ಸೂರ್ಯ ಪಶ್ಚಿಮದಾಗಿದ್ದ. ಮಧ್ಯಾಹ್ನದ ಮ್ಯಾಲ! ಜಡೆಪ್ಪ ಸುಳ್ಳು ಹೇಳಬಹುದು. ಸೂರ್ಯ ಹೇಳತಾನೇನ್ರಿ?"

"ಉಳಿದ ಎರಡು ಚಿತ್ರ?"

"ಅವುಗಳ ನೆಗೆಟಿವ್ ಗಾಜು ಜಡೆಪ್ಪನ ಕೈಜಾರಿ ಒಡದ್ವಂತ."

ಹಂಪಕ್ಕ ಆ ಚಿತ್ರವನ್ನು ಅಂದೇ ಮೊದಲು ಕಂಡಳು. ಚಿತ್ರದೊಳಗಿನ ತನ್ನ ಮುಖವನ್ನು ಬೆರಳಿನಿಂದ ಮುಟ್ಟಿದಳು. "ಥೇಟ್ ಕನ್ನಡಿಯಾಗ ನೋಡಿಕೊಂಡಂಗ ಐತಲ್ರಿ..." ಎಂದು ಬಿಕ್ಕಿದಳು. ಮಾರೆಣ್ಣ ಬೇರೆಡೆಗೆ ನೋಡಿದನು.

ಕಂಬಿಗಳ ಹಿಂದೆ ಹುಲುಗಪ್ಪ ಮೊಣಕಾಲಲ್ಲಿ ಮುಖವಿಟ್ಟು ಕುಳಿತಿದ್ದನು. ಕಾವಲಿನ ಪೇದೆ ನಕ್ಕನು: "ಏಳಲೇ ದೊರಿ! ಫೋಟೋದಾಗ ಕೋಟು ಹಾಕ್ಕೊಂಡು ಕಲೆಕ್ಟರ್ ಆಗಿದ್ದಿ, ಈಗ್ಯಾಕ ಮುದುಡಿದಿ?"

ಪಂಡಿತರು ತಟ್ಟನೆ ತಿರುಗಿದರು. "ಆ ಕೋಟು ನಿನ್ನದೇನಪ್ಪ?"

"ಅಂಗಡಿದುರಿ. ಹಳ್ಳಿ ಮಂದಿಗೆಲ್ಲ ಅದನ್ನ ತೊಡಸ್ತಾರ. ಕೀಲಿಕೈ ಕೋಟಿನ ಕೆಳಗ ಉಬ್ಬಿ ಕಾಣ್ತೈತಿ, ಬಿಚ್ಚಿಡು ಅಂದ ಜಡೆಪ್ಪ. ಅಂಗಡ್ಯಾಗ ಬಿಚ್ಚಿಟ್ಟೆ. ತಿರುಗಿ ಬಂದಾಗ ಇಟ್ಟಲ್ಲೇ ಇತ್ತು."

"ಇದನ್ನ ಯಾರಿಗೂ ಯಾಕ ಹೇಳಲಿಲ್ಲ?"

ಹುಲುಗಪ್ಪ ಕಂಬಿಗೆ ಹಣೆಯಿಟ್ಟನು. "ಆ ಕೀಲಿ ಮೈಮ್ಯಾಲಿಂದ ತೆಗಿಯೂದಿಲ್ಲಂತ ದೇವಿ ಮುಂದ ಆಣಿ ಮಾಡಿದ್ದೆ. ಆಣಿ ತಪ್ಪಿದೆ. ಮುಖ ಹೋತು. ಜೇಲು ನನಗ ತಕ್ಕದ್ದು ಬಿಡ್ರಿ."

ಪಂಡಿತರು ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡರು. ಚಿತ್ರವನ್ನು ನೋಡಿದರು. ಹಂಪಕ್ಕನ ಮುಖವನ್ನು ನೋಡಿದರು. ಪುನಃ ಚಿತ್ರವನ್ನು.

"ಮಾರೆಣ್ಣ, ಜಡೆಪ್ಪನನ್ನ ಕರೆಸು. ಉಳಿದಿರೋ ಗಾಜು ಬೇಕು, ಆ ಕೋಟೂ ಬೇಕು. ಸುಂಕಣ್ಣನೂ ಬರಲಿ — ದೇವಿಯ ಕೆಲಸ ಅಂತ ಹೇಳು."

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಠಾಣೆಯಲ್ಲಿ ನೆರೆದರು. ಸುಂಕಣ್ಣ ಛತ್ರಿಯನ್ನು ಊರಿ ನಿಂತನು. "ಏನ್ ಪಂಡಿತರೇ, ಕಳ್ಳನಿಗೂ ಮುಹೂರ್ತ ಇಡಾಕ ಬಂದೀರೇನು?"

"ಮುಹೂರ್ತ ಇಟ್ಟವರು ನೀವು, ಧರ್ಮಕರ್ತರೇ. ನಾನು ಬರೀ ನೆರಳು ಅಳೆಯಾಂವ." ಪಂಡಿತರು ಚಿತ್ರವನ್ನು ಮೇಜಿನ ಮೇಲಿಟ್ಟರು. "ನಡುಹಗಲಿಗೆ ಮೂರು ತಾಸು ಮೊದಲಿನ ನೆರಳು, ಮೂರು ತಾಸು ಆದಮೇಲಿನ ನೆರಳು — ಅಳತೆ ಒಂದೇ. ದಿಕ್ಕು ಮಾತ್ರ ಬೇರೆ. ಹಂಗಾದ್ರ ದಿಕ್ಕನ್ನ ತಿರುಗಿಸಿಬಿಟ್ರ? ಹಂಪಕ್ಕ, ನಿನ್ನ ಮೂಗುಬಟ್ಟು ಯಾವ ಕಡಿಗೈತಿ?"

ಆಕೆ ಬಲಮೂಗನ್ನು ಮುಟ್ಟಿದಳು.

"ಚಿತ್ರದಾಗ, ಮಾರೆಣ್ಣ?"

ಮಾರೆಣ್ಣ ಬಾಗಿದನು. "ಎಡ... ಎಡಮೂಗಿಗೆ!"

"ಈ ಕೋಟಿನ ಎದೆಜೇಬು ಎಡಕ್ಕೈತಿ. ಚಿತ್ರದಾಗ ಬಲಕ್ಕ. ಕನ್ನಡಿಯಾಗ ನೋಡಿಕೊಂಡಂಗ ಐತಿ ಅಂತ ಈ ತಾಯಿ ಮುಂಜಾನೇ ಹೇಳಿದ್ಲು. ನಾವು ಅಳು ಅಂದ್ಕೊಂಡ್ವಿ, ಸಾಕ್ಷಿ ಅನ್ನಲಿಲ್ಲ. ಫೋಟೋ ಅಂದ್ರ ಎದುರಿನವರು ನಮ್ಮನ್ನ ಕಂಡಂಗ ಇರಬೇಕು. ಎಡ-ಬಲ ಅದಲುಬದಲಾಗೋದು ಕನ್ನಡಿಯಾಗ. ಜಡೆಪ್ಪ, ಗಾಜನ್ನ ತಿರುವಿ ಇಟ್ಟು ಕಾಗದಕ್ಕ ಇಳಿಸಿದ್ಯಲ್ಲ?"

ಜಡೆಪ್ಪ ಬೆವರಿದನು. "ಕೈತಪ್ಪು ಆಗಿರಬೇಕ್ರಿ..."

"ಕೈತಪ್ಪು! ಗಡಿಯಾರ ಇದ್ದ ಗಾಜೂ ಕೈತಪ್ಪಿ ಒಡೀತು. ಅಂಗಡಿ ಬೋರ್ಡಿನ ಅಕ್ಷರ ಇದ್ದದ್ದೂ ಒಡೀತು — ಅಕ್ಷರ ತಿರುಗಿದ್ರ ಯಾರಿಗಾದ್ರೂ ತಿಳೀತಿತ್ತು! ಉಳಿದದ್ದು ಬರಿಗಲ್ಲಿನ ಗೋಡೆ. ಅದನ್ನ ತಿರುವಿದ್ರ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿ. ನೀನು ಮೂರು ಜಾಗ ಆರಿಸಿದ್ದು ಚಂದಕ್ಕಲ್ಲ, ಹೊತ್ತು ಕಳಿಯಾಕ. ಇವರು ಬಿಸಿಲಾಗ ನಿಂತಿದ್ದಾಗ ಕೀಲಿಕೈ ಕುರುಗೋಡಿಗೆ ಹೋಗಿ ಬಂತು. ಅಷ್ಟು ಬೇಗ ಹೋಗಿ ಬರಾಕ ಮೋಟಾರು ಯಾರಲ್ಲೈತಿ? ಮೊದಲ ಬಸ್ಸಿಗೆ ಹೋಗ್ರಿ ಅಂತ ಚೀಟಿ ಕೊಟ್ಟವರು ಯಾರು?"

ಛತ್ರಿ ನೆಲಕ್ಕೆ ಬಿದ್ದಿತು.

"ನನಗ ಹೆಂಡ್ತಿ ಮಕ್ಕಳು ಅದಾರ್ರಿ!" — ಜಡೆಪ್ಪ ಪಂಡಿತರ ಕಾಲಿಗೆ ಬಿದ್ದನು. "ಸಿರುಗುಪ್ಪದಾಗ, ಈತನ ಮನಿ ಹಿತ್ತಲ ಜ್ವಾಳದ ಹಗೇವಿನಾಗ—"

"ಬಾಯಿ ಮುಚ್ಚಲೇ ಜಡ್ಯಾ!" ಎಂದು ಗರ್ಜಿಸಿದವನು ಸುಂಕಣ್ಣ. ಮಾರೆಣ್ಣನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನೆಲದೊಳಗಿನ ಆ ಹಗೇವಿನ ಜೋಳದಡಿಯಿಂದ ದೇವಿಯ ಮುಖ ಹೊರಬಂದಿತು. ಹುಲುಗಪ್ಪನ ಕೈಗೆ ಕೀಲಿಕೈಯನ್ನು ಮರಳಿ ಕೊಟ್ಟಾಗ ಅವನು ಅದನ್ನು ಕಣ್ಣಿಗೊತ್ತಿಕೊಂಡು ಮಗುವಿನಂತೆ ಅತ್ತನು. ಹಂಪಕ್ಕ ಮಾತ್ರ ಕದಲಲಿಲ್ಲ.

"ಸಾಹೇಬ್ರ, ಆ ಗಾಜು...?"

"ಅದು ಕೋರ್ಟಿಗೆ ಹೋಗಬೇಕವ್ವ," ಎಂದನು ಮಾರೆಣ್ಣ. ಆಕೆಯ ಮುಖ ಬಾಡಿತು. ಅವನು ತಲೆ ತಗ್ಗಿಸಿದನು. "ಕಳಿಸೂದಕ್ಕ ಮುಂಚೆ ಬೇರೆ ಅಂಗಡ್ಯಾಗ ಎರಡು ಪ್ರತಿ ಮಾಡಿಸ್ತೀನಿ. ಸರಿಯಾಗಿ. ಒಂದು ನಿನಗ."

ಮೂರನೆಯ ದಿನ ಆ ಪ್ರತಿಯನ್ನು ಹಿಡಿದು ಆಕೆ ಬಹಳ ಹೊತ್ತು ನೋಡಿದಳು.

"ಇದು ನಾನ ಅನ್ನಿಸವಲ್ತಲ್ರಿ ಅಜ್ಜಾರ. ಕನ್ನಡ್ಯಾಗಿನಂಗ ಇಲ್ಲ."

"ಇಲ್ಲ ತಾಯಿ," ಎಂದರು ಪಂಡಿತರು. "ನಿನ್ನ ಕೂಸು ನಿನ್ನನ್ನ ಕಾಣೋದು ಹಿಂಗ."

ಈ ಕಥೆಯನ್ನು ಕೇಳಿದವರ ಮನೆಗಳಲ್ಲಿ ಹೆತ್ತವಳು ಉಳಿಯಲಿ, ಹುಟ್ಟಿದ್ದು ಬೆಳೆಯಲಿ. ನಿರಪರಾಧಿಯ ಕತ್ತಲೆಯನ್ನು ಕಳೆಯುವ ಸೂರ್ಯನು ಎಲ್ಲರ ಅಂಗಳದಲ್ಲಿಯೂ ಮೂಡಲಿ, ಸರ್ವರಿಗೂ ಮಂಗಳವಾಗಲಿ.