ಹನ್ನೆರಡು ದಿನದ ಹಸಿವು

"ಬಾಟಲಿ ಕೆಳಗಿಡು!"

ಒಂದು ಕೈಯಲ್ಲಿ ಸ್ಟೇರಿಂಗ್. ಇನ್ನೊಂದರಲ್ಲಿ ಪಿಸ್ತೂಲು. ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿದ್ದ ವ್ಯಾನಿನ ಕಡೆಗೆ ಗುರಿಯಿಟ್ಟಿದ್ದೆ ಅಂದುಕೊಂಡಿರಾ? ಇಲ್ಲ. ನನ್ನದೇ ಕಾರಿನ ಹಿಂದಿನ ಸೀಟಿನಲ್ಲಿದ್ದವನ ಎದೆಗೆ!

ನನ್ನನ್ನು ಈ ಕೆಲಸಕ್ಕೆ ಗೊತ್ತುಮಾಡಿದ್ದವನೇ ಅವನು. ಲಾರಿ ಡ್ರೈವರ್. ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ಅವನ ತಂಗಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ರೋಗಿಗಳು ಚೇತರಿಸಿಕೊಳ್ಳಲೆಂದು ಮಾರುತ್ತಿದ್ದ ಪ್ರೋಟೀನ್ ಪುಡಿಯನ್ನು ಅವಳು ಪರೀಕ್ಷೆ ಮಾಡಿದ್ದಳು. ಡಬ್ಬಿಯೊಳಗೆ ಇದ್ದದ್ದು ಹಿಟ್ಟು, ಸಕ್ಕರೆ, ಬಣ್ಣ! ರಿಪೋರ್ಟ್ ಎಲ್ಲಿ ಎಂದು ಬಾಯಿ ಬಿಡಿಸಲು ಪುಡಿ ಕಂಪನಿಯವರು ಅವಳನ್ನು ಗೋದಾಮಿನ ಮೀಟರ್ ಕೋಣೆಯಲ್ಲಿ ಕೂಡಿಹಾಕಿದ್ದರು.

ಹನ್ನೆರಡು ದಿನ. ಬರೀ ನೀರು.

ಬಾಗಿಲು ಒಡೆದು ಅವಳನ್ನು ಹೊತ್ತು ತಂದು ಹತ್ತು ನಿಮಿಷವಾಗಿತ್ತಷ್ಟೆ. ಆಸ್ಪತ್ರೆಗೆ ಇನ್ನೂ ಹತ್ತು ನಿಮಿಷ.

"ಅಣ್ಣಾ... ಹಸಿವು..." ಅಂದಳು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಕೇಳಿಸ್ತಾ?" ಅವನು ಕಿರುಚಿದ. "ಒಂದು ಲೀಟರ್ ಹಾಲಿದೆ, ಸಕ್ಕರೆ ಹಾಕಿಸಿಕೊಂಡು ಬಂದಿದ್ದೀನಿ. ಬ್ರೆಡ್ಡಿದೆ. ಕುಡಿಸಿದ್ರೆ ನಿಂಗೇನಯ್ಯಾ ಗಂಟು ಹೋಗೋದು?"

"ಕುಡಿಸಿದ್ರೆ ಸಾಯ್ತಾಳೆ."

"ಹಾಲು ಕುಡಿದು ಯಾರಾದ್ರೂ ಸಾಯ್ತಾರೇನಯ್ಯಾ?"

ಸಾಯುತ್ತಾರೆ.

ನನ್ನ ಪಕ್ಕದ ಸೀಟು ಖಾಲಿಯಿತ್ತು. ನೀವಿದ್ದಿದ್ದರೆ ನಿಮಗೂ ಖಾಲಿಯೇ ಕಾಣುತ್ತಿತ್ತು. ನನಗೆ ಮಾತ್ರ ಅಲ್ಲಿ ಮೇಷ್ಟ್ರು ಕೂತಿರುತ್ತಾರೆ. ಬ್ರೆಡ್ ತಿನ್ನುತ್ತಾ ಕೂತಿರುತ್ತಾರೆ...

ಅದೂ ಇಂಥದ್ದೇ ಕೇಸು. ಹದಿನೈದು ದಿನ ಕೂಡಿಹಾಕಿದ್ದವರ ಕೈಯಿಂದ ಅವರನ್ನು ಬಿಡಿಸಿ ತಂದಿದ್ದೆ. ನನ್ನ ರೂಮಿನಲ್ಲೇ ಕೂರಿಸಿಕೊಂಡು ಬಡಿಸಿದೆ. ಬೇಡ ಬೇಡ ಅಂದರೂ ಬಡಿಸಿದೆ! "ಹೊಟ್ಟೆ ತುಂಬ್ತು ಕಣಪ್ಪಾ" ಅಂದರು. ಮೂರನೇ ದಿನ ಉಸಿರಾಡಲು ಒದ್ದಾಡಿ ಹೋಗಿಬಿಟ್ಟರು.

ಆಸ್ಪತ್ರೆಯಲ್ಲಿ ಪಥ್ಯದ ಚಾರ್ಟ್ ಬರೆಯುವ ಡಯಟಿಷಿಯನ್ ಅಮ್ಮ ನನ್ನನ್ನು ಮೂಲೆಗೆ ಕರೆದು ಹೇಳಿದ್ದರು. "ಅಷ್ಟು ದಿನ ಹಸಿದ ಮೈಗೆ ಒಮ್ಮೆಲೇ ಊಟ ಬಿದ್ರೆ, ರಕ್ತದಲ್ಲಿರೋ ಚೂರುಪಾರು ಲವಣಾನೂ ಖಾಲಿಯಾಗುತ್ತೆ. ಹೃದಯ ಕೈಕೊಡುತ್ತೆ. ಮೊದಲು ವಿಟಮಿನ್ ಬಿ-ಒನ್ ಕೊಡಬೇಕು. ಆಮೇಲೆ ಊಟ, ಅದೂ ಅಳತೆ ಮಾಡಿ."

ಬುದ್ಧಿ ಬಂತು. ಕೆಟ್ಟ ಮೇಲೆ.

ಎರಡು ಗುಟುಕಿಗೆ ಹುಡುಗಿ ಸಾಯುತ್ತಿರಲಿಲ್ಲವೇನೋ. ಆದರೆ ಹಸಿದ ತಂಗಿಗೆ ಎರಡೇ ಗುಟುಕು ಕುಡಿಸಿ ನಿಲ್ಲಿಸುವ ಅಣ್ಣ ಇನ್ನೂ ಹುಟ್ಟಿಲ್ಲ!

ಢಮಾರ್!

ವ್ಯಾನಿನಿಂದ ಹಾರಿದ ಗುಂಡಿಗೆ ಹಿಂದಿನ ಗಾಜು ಪುಡಿಪುಡಿ. ವ್ಯಾನು ಹತ್ತೇ ಅಡಿ ದೂರದಲ್ಲಿತ್ತು. ಅಂಥದರಲ್ಲೂ ಅವನು ಬಾಟಲಿಯ ಮುಚ್ಚಳ ತೆಗೆದಿದ್ದ! ಅವಳ ತುಟಿಗೆ ತಾಗಿಸಿದ್ದ!

ಪಿಸ್ತೂಲು ಬಿಸಾಡಿದೆ. ಹಿಂದಕ್ಕೆ ಕೈ ಚಾಚಿ ಬಾಟಲಿ ಕಿತ್ತುಕೊಂಡೆ. ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದಿದ್ದಳು... ಆ ಬೆರಳುಗಳನ್ನು ಬಿಡಿಸಿದ್ದು ನಾನೇ.

ಒಡೆದ ಗಾಜಿನ ಕಿಂಡಿಯಿಂದ ಬೀಸಿ ಎಸೆದೆ. ವ್ಯಾನಿನ ಗಾಜಿಗೆ ಫಟ್ಟೆಂದು ಬಡಿಯಿತು. ಗಾಜಿನ ತುಂಬ ಹಾಲು! ವ್ಯಾನು ಓಡಿಸುತ್ತಿದ್ದವನು ವೈಪರ್ ಹಾಕಿದ. ಇನ್ನಷ್ಟು ಬಳಿದುಕೊಂಡಿತು. ಮರುಕ್ಷಣ ಸೀದಾ ದೀಪದ ಕಂಬಕ್ಕೆ ಗುದ್ದಿದ.

ಕಾರಿನೊಳಗೆ ಅವಳ ಅಳು. ಕಣ್ಣೀರಿಲ್ಲದ ಅಳು. ಅದಕ್ಕಿಂತ ಗುಂಡೇಟು ತಿಂದಿದ್ದರೆ ಚೆನ್ನಾಗಿತ್ತು.

ಎಮರ್ಜೆನ್ಸಿ ಬಾಗಿಲಲ್ಲೇ ಕೂಗಿದೆ. "ಹನ್ನೆರಡು ದಿನ ಉಪವಾಸ ಡಾಕ್ಟ್ರೇ! ಮೊದಲು ಬಿ-ಒನ್!"

ಡಾಕ್ಟರು ನನ್ನ ಮುಖ ನೋಡಿದರು. ಇಂಜೆಕ್ಷನ್ ಹಾಕಿಸಿದರು. ರಕ್ತಪರೀಕ್ಷೆ. ಆಮೇಲೆ ಮೂಗಿನ ಟ್ಯೂಬಿನಲ್ಲಿ ಹನಿಹನಿಯಾಗಿ ಆಹಾರ. ಲವಣ ಇಳಿದಾಗಲೆಲ್ಲ ತುಂಬಿಸಿದರು.

ಮೂರನೇ ದಿನ ನಾನು ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ನಾಲ್ಕನೇ ದಿನ ಬೆಳಗಾಯಿತು. ಅವಳು ಉಸಿರಾಡುತ್ತಿದ್ದಳು. ಹತ್ತನೇ ದಿನ ಎದ್ದು ಕೂತು, ಬಚ್ಚಿಟ್ಟಿದ್ದ ರಿಪೋರ್ಟನ್ನು ತರಿಸಿ ತಾನೇ ಪೊಲೀಸರ ಕೈಗೆ ಕೊಟ್ಟಳು. ಗಟ್ಟಿಗಿತ್ತಿ!

ಡಾಕ್ಟರು ಅವಳ ಅಣ್ಣನಿಗೆ ಎಲ್ಲ ಬಿಡಿಸಿ ಹೇಳಿದರಂತೆ. ಅವನು ನನ್ನ ಬಳಿ ಬಂದು ನಿಂತ.

"ನೀನು ಮಾಡಿದ್ದು ಸರಿ ಅಂತಾರೆ. ಇರಬಹುದು. ಆದ್ರೆ ನನ್ನ ತಂಗಿ ಬಾಯಿಂದ ಹಾಲು ಕಿತ್ಕೊಂಡವನು ನೀನು. ಹಾಳಾಗಿ ಹೋಗು. ಇನ್ನೊಂದ್ಸಲ ಮುಖ ತೋರಿಸಬೇಡ."



ಮೇಷ್ಟ್ರ ಹೆಂಡತಿ ಈಗಲೂ ದಾರಿಯಲ್ಲಿ ಸಿಗುತ್ತಾರೆ. ಕೈ ಹಿಡಿದುಕೊಳ್ಳುತ್ತಾರೆ. "ಹಸಿದ ಹೊಟ್ಟೇಲಿ ಹೋಗೋಕೆ ಬಿಡಲಿಲ್ಲ ನೀನು. ನೂರು ವರ್ಷ ಬಾಳಪ್ಪಾ" ಅನ್ನುತ್ತಾರೆ.

ಆ ಆಶೀರ್ವಾದ ಸಿಕ್ಕ ದಿನ ನನಗೆ ನಿದ್ದೆಯಿಲ್ಲ. ಲಾರಿ ಡ್ರೈವರ್ ಶಾಪ ಹಾಕಿದ ದಿನ ಮಾತ್ರ... ಗೊರಕೆ ಹೊಡೆದೆ!