ನನ್ನ ಹೆಸರು ಕೈಬಿಡಿರಿ

"ನಾ ಬರದಿಲ್ರಿ ಅಕ್ಕಾರ. ಈ ತಿಂಗಳದಾಗ ಯಾರಿಗೂ ಒಂದ ಕಾಗದ ಬರದಿಲ್ಲ," ಎಂದ ಅರ್ಜುನ. ಅವನ ಕಣ್ಣುಗಳು ತುಂಬಿದ್ದವು.

ಅವನು ಹೇಳಿದ್ದು ಖಾತುನಬಿಗೆ. ಯಶೋಧರಾ ಎಂಬ ನಾನು ಬಾಜೂ ಕುರ್ಚಿಯಲ್ಲೇ ಇದ್ದೆ. ಅವನು ಒಮ್ಮೆಯೂ ನನ್ನತ್ತ ನೋಡಲಿಲ್ಲ. ಖಾತುನಬಿ ಗೋಕಾಕದ ಸುತ್ತಿನ ಅಂಚೆ ಕಚೇರಿಗಳಲ್ಲಿ ದುಡಿದು ನಿವೃತ್ತಳಾದವಳು, ನಾನು ಅವಳ ನೆರೆಮನೆಯ ಮಾಜಿ ಟೀಚರು. ಊರವರ ಗಂಟುಗಳನ್ನು ಅವಳು ಬಿಡಿಸುತ್ತಾಳೆ, ನಾನು ಬರೆದಿಡುತ್ತೇನೆ. ಹೊಗಳಿಕೆಯೆಲ್ಲ ಅವಳಿಗೆ. ನನಗೆ ಹೊಟ್ಟೆಯುರಿ ಇಲ್ಲವೆಂದರೆ ಸುಳ್ಳಾದೀತು.

ಮೂಡಲಗಿಯ ಅರ್ಜುನ ಭಾಷಣದ ನಡುವೆ ಗದ್ಗದಿತನಾದರೆ ಕೇಳುವವರೂ ಸೆರಗಿನಿಂದ ಕಣ್ಣೊರೆಸುತ್ತಿದ್ದರು. ತಾಲೂಕಾ ಪಂಚಾಯ್ತಿ ಚುನಾವಣೆಗೆ ಪಕ್ಷ ಅವನನ್ನೇ ನಿಲ್ಲಿಸುವುದೆಂದು ಎಲ್ಲರೂ ನಂಬಿದ್ದರು. ಅಷ್ಟರಲ್ಲಿ ಪಕ್ಷದ ಅಧ್ಯಕ್ಷೆ ಕೆಂಪವ್ವನ ಮನೆಬಾಗಿಲಿಗೆ ಅವನ ಸಹಿಯ ಕಾಗದ ಬಂದು ಬಿದ್ದಿತ್ತು. ಹಿಂದೆ ಸರಿಯುತ್ತೇನೆಂದು ಅದರಲ್ಲಿದೆಯೆಂದು ಆಕೆ ಫೋನಿನಲ್ಲಿ ಹೇಳಿದ್ದಳಷ್ಟೆ; ಅವನಿನ್ನೂ ಅದನ್ನು ಕಂಡಿರಲಿಲ್ಲ.

"ಇದು ಮಾಲಿಂಗಪ್ಪಂದ ಕೆಲಸ. ಪಕ್ಷದ ಟಿಕೆಟ್ ಅವಗೂ ಬೇಕಾಗೇತಿ," ಎಂದ ಜೊತೆಗೆ ಬಂದಿದ್ದ ಸಿದ್ರಾಮ. ಅವನು ಅರ್ಜುನನ ಬಾಲ್ಯದ ಗೆಳೆಯ. ಹುಕ್ಕೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ಇಟ್ಟಿದ್ದ. ಅರ್ಜುನ ತನ್ನ ಜನಸೇವೆಯ ಬಗ್ಗೆ ಹೇಳುತ್ತಿದ್ದಾಗ ಸಿದ್ರಾಮನ ತುಟಿಗಳೂ ಸದ್ದಿಲ್ಲದೆ ಅದೇ ಮಾತುಗಳನ್ನು ಆಡುತ್ತಿದ್ದವು. ಎಂಥ ಪ್ರೀತಿ ಎಂದುಕೊಂಡೆ.

ಅಂದೇ ಮೂಡಲಗಿಗೆ ಹೋದೆವು. ಕೆಂಪವ್ವ ಕಪಾಟಿನಿಂದ ಕಾಗದ ತೆಗೆದಳು.

"ತಳ್ಳುಗಾಡಿಯವರ ಮುಂದೆ ಕೊಟ್ಟ ಮಾತನ್ನು ಉಳಿಸಿಕೊಳ್ಳದ ನಾನು ಈ ಹೊಣೆಗೆ ತಕ್ಕವನಲ್ಲ. ನನ್ನ ಆತ್ಮಸಾಕ್ಷಿ ನಿದ್ದೆ ಮಾಡಲು ಬಿಡುತ್ತಿಲ್ಲ. ನನ್ನ ಹೆಸರು ಕೈಬಿಡಿರಿ. — ಅರ್ಜುನ, ಮೂಡಲಗಿ, ತಾ. ಗೋಕಾಕ."

ತಾರೀಖು ಇರಲಿಲ್ಲ. ಓದುತ್ತಿದ್ದಂತೆ ಅರ್ಜುನನ ಕಣ್ಣೀರು ಆರಿಹೋಯಿತು. "ನಂದಲ್ಲ," ಎಂದವನೇ ಕಿಟಕಿಯತ್ತ ತಿರುಗಿದ. ಖಾತುನಬಿ ಕಾಗದದ ಬೆನ್ನನ್ನು ಗೋಡೆಯ ಕನ್ನಡಿಗೆ ಹಿಡಿದಳು. ಅಲ್ಲಿ ಮಾಸಿದ ಕೆಂಪು ಅಕ್ಷರಗಳು ತಿರುಗುಮುರುಗಾಗಿ ಮೂಡಿದ್ದವು. ಕನ್ನಡಿಯಲ್ಲಿ "ಚಿ. ಬೀರಸಿದ್ದಪ್ಪ" ಎಂದು ನಾನೇ ಮೊದಲು ಓದಿದೆ. ಅದನ್ನು ಯಾರೂ ಗಮನಿಸಲಿಲ್ಲ.

ಮರುದಿನ ನಾವಿಬ್ಬರೇ ಹುಕ್ಕೇರಿಗೆ ಹೋದೆವು. ಪ್ರೆಸ್ಸಿನಲ್ಲಿ ಸಿದ್ರಾಮನ ಹೆಂಡತಿ ಇದ್ದಳು. ಮೊಮ್ಮಗಳ ಲಗ್ನಕ್ಕೆ ಹಳೆಯ ಮಾದರಿ ಬೇಕೆಂದು ಖಾತುನಬಿ ಪತ್ರಿಕೆಗಳ ಪುಸ್ತಕ ಕೇಳಿ ಪಡೆದು, ಹಾಳೆ ಹಾಳೆ ತಿರುವಿದಳು. ಒಂದು ಪುಟದಲ್ಲಿ ಬೆರಳು ನಿಂತಿತು. ಕೆಂಪು ಅಕ್ಷರದ ಪತ್ರಿಕೆ. ವರ: ಚಿ. ಬೀರಸಿದ್ದಪ್ಪ, ಬೆಲ್ಲದ ಬಾಗೇವಾಡಿ. ಲಗ್ನವಾಗಿ ಹತ್ತು ವರ್ಷ ಆಗಿತ್ತು.

ಮೂರನೆಯ ದಿನ ಮುಂಜಾನೆ ಕೆಂಪವ್ವನ ಪಡಸಾಲೆಯಲ್ಲಿ ಎಲ್ಲರೂ ಸೇರಿದರು.

"ನನಗ ಅರ್ಜುನನ ಮ್ಯಾಲೆ ಹೊಟ್ಟೆಕಿಚ್ಚು ಐತ್ರಿ," ಎಂದು ಮಾಲಿಂಗಪ್ಪ ತಾನಾಗಿಯೇ ಶುರುಮಾಡಿದ. "ಅವ ಅತ್ರ ಮಂದಿ ಕರಗತಾರ, ನಾ ಅತ್ರ ನಗತಾರ. ಆದ್ರ ಕಾಗದ ನಾ ಹಾಕಿಲ್ಲ."

"ಗೊತ್ತೈತಿ," ಎಂದಳು ಖಾತುನಬಿ. "ಕಾಗದ ಖೋಟಾ ಅಲ್ಲ. ಮೂಡಲಗಿ ತಾಲೂಕಾ ಆಗಿ ವರ್ಷಗಟ್ಟಲೆ ಆತು. ತಾಲೂಕಾ ಬೇಕಂತ ಉಪವಾಸ ಕುಂತ ಅರ್ಜುನ ಇವತ್ತ 'ತಾ. ಗೋಕಾಕ' ಅಂತ ಬರೀತಾನೇನು? ಅವನ ಅಕ್ಷರ ನಕಲ ಮಾಡಿ ಈಗ ಬರಿಯೋ ಕಳ್ಳನೂ ಹಂಗ ಬರಿಯಾಂಗಿಲ್ಲ. ಅಂದಮ್ಯಾಲೆ ಇದು ತಾಲೂಕಾ ಆಗೂ ಮೊದಲ ಅರ್ಜುನ ಸ್ವತಃ ಬರದದ್ದು. ನೋಡಿದ ಕೂಡ್ಲೆ ಅವಗ ಗುರತ ಹತ್ತೇತಿ. ಅದಕ್ಕ ಕಣ್ಣೀರ ಆರಿದ್ವು. ಯಾರ ಕಡೆ ಕೊಟ್ಟಿದ್ಯೋ ತಮ್ಮಾ?"

ಅರ್ಜುನನ ಕಣ್ಣು ಸಿದ್ರಾಮನತ್ತ ಹೊರಳಿತು.

"ನಾನ ಹೇಳತೇನಿ," ಎಂದಳು ಖಾತುನಬಿ. "ಹಸಿ ಲಗ್ನಪತ್ರಿಕಿ ಮ್ಯಾಲೆ ಈ ಕಾಗದ ಬಿದ್ದು ಬಣ್ಣ ಹತ್ತೇತಿ. ಬೀರಸಿದ್ದಪ್ಪನ ಪತ್ರಿಕಿ ಅಚ್ಚಾದದ್ದು ಸಿದ್ರಾಮನ ಪ್ರೆಸ್ಸಿನಾಗ. ಮಸಿ ಆರೂ ಮೊದಲ ಅಲ್ಲೇ ಇತ್ತಂದ್ರ, ಕಾಗದ ಅವತ್ತಿನಿಂದ ಅವನ ಕಡೇನ ಐತಿ."

ಸಿದ್ರಾಮ ಎದ್ದು ನಿಂತ. ಓಡಲಿಲ್ಲ.

"ಹತ್ತ ವರ್ಷದ ಹಿಂದ ಯುವಕರ ಘಟಕಕ್ಕ ಇವನ್ನ ಮುಖಂಡ ಮಾಡಿದ್ರು. ಸಭಾದ ಪೆಂಡಾಲ ಹಾಕಾಕ ಸಂತಿ ಬೀದಿ ಗಾಡಿ ತಗಸಿದ್ರು. ಜಾಗಾ ತಿರುಗಿ ಕೊಡಸತೇನಂತ ಇವ ಮಾತ ಕೊಟ್ಟಾ. ಪಕ್ಷ ಕೊಡಲಿಲ್ಲ, ಇವ ಸುಮ್ನಾದ. ಈ ಕಾಗದ ಬರದು ಮುಟ್ಟಸು ಅಂತ ನನ್ನ ಕೈಯಾಗ ಕೊಟ್ಟಾ. ಬ್ಯಾಡೋ, ಹರದ ಒಗೀತೇನಿ ಅಂದ್ನಿ. ಇವ ಹೂಂ ಅಂದಾ."

"ಯಾಕ ಹರೀಲಿಲ್ಲ?" ಕೆಂಪವ್ವ ಕೇಳಿದಳು.

"ಅವನ ಎಲ್ಲಾ ಭಾಷಣ ನಾ ಬರದದ್ದ್ರಿ. ಮಾತು ನಂದು, ಕಣ್ಣೀರ ಅವಂದು. ಮಂದಿ ಕಣ್ಣೀರಿಗೆ ಹಾರ ಹಾಕಿದ್ರು. ಇದೊಂದ ಕಾಗದ ಅವ ಸ್ವಂತ ಬರದದ್ದು. ಅದು ನನ್ನ ಎಲ್ಲಾ ಮಾತಿಗಿಂತ ಚಲೋ ಇತ್ತು. ಹರಿಯಾಕೂ ಆಗಲಿಲ್ಲ, ಮರಿಯಾಕೂ ಆಗಲಿಲ್ಲ. ಈಗ ಟಿಕೆಟ್ಟೂ ಅವಗ ಅಂದಾಗ ಹೊಟ್ಟಿ ಉರದು ನಿಮ್ಮ ಬಾಗಿಲಿಗೆ ಒಯ್ದ ಹಾಕಿದ್ನಿ."

"ಸಿದ್ರಾಮನ ಮ್ಯಾಲೆ ನಿನಗ ಸಂಶಯ ಹೆಂಗ ಬಂತು ಖಾತುನಬಿ?" ಎಂದೆ.

"ಅವನ ತುಟಿ ನೋಡಿದ್ನಿ. ಪೋಸ್ಟಿನ ಕತಿ ನಾ ಹೇಳುವಾಗ ನಿನ್ನ ತುಟಿನೂ ಹಂಗ ಅಲಗತಾವ," ಎಂದಳು. ನಾನು ನೆಲ ನೋಡಿದೆ.

ಅರ್ಜುನ ಕಾಗದ ಕೈಗೆತ್ತಿಕೊಂಡ. "ಇದು ನಂದ. ಮೊನ್ನೆ ನಿಮಗೆಲ್ಲಾ ಸುಳ್ಳ ಹೇಳಿದ್ನಿ. ಸಿದ್ರಾಮಂದು ತಪ್ಪು ಖರೆ, ಆದ್ರ ಅವ ಬರದದ್ದು ಇದರಾಗ ಒಂದ ಅಕ್ಷರನೂ ಇಲ್ಲ." ಮಾಲಿಂಗಪ್ಪನತ್ತ ತಿರುಗಿ, "ನೀವ ನಿಲ್ರಿ," ಎಂದ.

ಅಲ್ಲಿಂದ ಅವನು ನೇರ ಸಂತೆ ಬೀದಿಗೆ ನಡೆದ. ನಾವೂ ಹಿಂದೆ ಹೋದೆವು. ಬೀದಿಯ ತುದಿಯಲ್ಲಿ, ಚರಂಡಿಯ ಪಕ್ಕ, ಗಾಡಿಯವರು ಒತ್ತಾಗಿ ನಿಂತಿದ್ದರು. ಅವನು ಮೈಕಿಲ್ಲದೆ ಕಾಗದ ಓದಿ ಹೇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಾಳೆಹಣ್ಣು ಮಾರುವ ಜೀನತ ಕೇಳಿದಳು: "ಕಾಗದ ಚಲೋ ಐತಿ. ನಮ್ಮ ಜಾಗಾ?"

"ನಾಳಿ ನಿಮ್ಮ ಜೋಡಿ ಪುರಸಭಾ ಆಫೀಸಿಗೆ ಬರತೇನಿ."

"ನಾಳಿ ಯಾಕ? ಈಗ ಹನ್ನೊಂದ ಆಗೇತಿ, ಆಫೀಸ್ ತೆರದೈತಿ," ಎನ್ನುತ್ತ ಜೀನತ ಹಣ್ಣಿನ ಮೇಲೆ ಗೋಣಿತಟ್ಟು ಎಳೆದು, ಚಪ್ಪಲಿ ಮೆಟ್ಟಿ ಮುಂದೆ ನಡೆದಳು. ಅರ್ಜುನ ಅವಳ ಹಿಂದೆ ಹೋದ.