ಖಾರಿಪೋರ್‌ನ ಸಿಹಿನೀರು

ಅಹಮದಾಬಾದಿನ ಹೋಟೆಲೊಂದರ ಹಾಲ್‌ನಲ್ಲಿ ಪರದೆಯ ಮೇಲೆ ಆ ಫೋಟೊ ಬಂದ ಕೂಡಲೇ ಮೇದಿನಿ ಎದ್ದು ನಿಂತಳು. ಸೂರತ್ ಕಡೆಯ ಕಡಲದಂಡೆಯ ಖಾರಿಪೋರ್ ಹಳ್ಳಿ, ಹೊಸ ನಲ್ಲಿ, ನಲ್ಲಿಗೆ ಬೊಗಸೆಯೊಡ್ಡಿ ನಗುತ್ತಿರುವ ಹೆಂಗಸರು. ಫೋಟೊ ಸುಳ್ಳಲ್ಲ, ತೆಗೆದವಳು ಅವಳೇ. ಆದರೆ ಆ ನಲ್ಲಿಯನ್ನು ಅವರಿಬ್ಬರೂ ದುಡಿಯುವ ಕಂಪನಿಯವರೇ ಹೋದ ವಾರ ಕಿತ್ತು ಹಾಕಿದ್ದರು. ಅದು ಗೊತ್ತಿದ್ದೂ, ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಬಂಡವಾಳ ಹೂಡಲು ಬಂದವರ ಮುಂದೆ ಅದನ್ನು ತೋರಿಸುತ್ತಿದ್ದವನು ಗಿರಿಧರ.

ಅವಳು ಪ್ರೀತಿಸುತ್ತಿದ್ದ ಗಿರಿಧರ. ಅವನಿಗೆ ಇನ್ನೂ ಹೇಳಿರಲಿಲ್ಲ, ಅಷ್ಟೆ.

"ಗಿರಿ, ಆ ನಳಾ ಈಗ ಎಲ್ಲೈತಿ?" ಎಂದು ಕುಳಿತವರ ನಡುವಿನಿಂದಲೇ ಕನ್ನಡದಲ್ಲಿ ಕೇಳಿದಳು. "ಊರಿನ ನೀರು ರೆಸಾರ್ಟಿನ ಸ್ವಿಮ್ಮಿಂಗ್ ಪೂಲಿಗೆ ಹೊಂಟೈತಿ ಅಂತ ಇವರಿಗೆ ಹೇಳೀಯೇನು?"

ಇಡೀ ಹಾಲ್‌ನಲ್ಲಿ ಆ ಮಾತು ತಿಳಿದದ್ದು ಅವನೊಬ್ಬನಿಗೇ. ಅವನ ಕಣ್ಣು ಒಂದು ಗಳಿಗೆ ಅವಳ ಕಣ್ಣಲ್ಲಿ ನಿಂತು, ಆಮೇಲೆ ನೆಲಕ್ಕಿಳಿಯಿತು. ಬೆರಳು ಗುಂಡಿ ಒತ್ತಿತು. ಮುಂದಿನ ಸ್ಲೈಡ್ ಬಂತು.

ಮೇದಿನಿ ಬ್ಯಾಗ್ ಎತ್ತಿಕೊಂಡು ಹೊರಗೆ ನಡೆದಳು.

ವಡೋದರಾ ಕಡೆಗೆ ಹೊರಟ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತರೂ ಮೈಯ ಉರಿ ತಣಿಯಲಿಲ್ಲ. ಅವಳ ತಂದೆ ಉಮಾಕಾಂತ ರೈಲ್ವೆ ನೌಕರಿಯಲ್ಲಿ ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ವಡೋದರಾದ ಗೋರ್ವಾ ಬಡಾವಣೆಯಲ್ಲೇ ನೆಲೆಯೂರಿದವರು. ಗುಜರಾತಿ ಅವಳಿಗೆ ನೀರು ಕುಡಿದಷ್ಟು ಸಲೀಸು. ಸಿಟ್ಟು ಬಂದರೆ ಮಾತ್ರ ಬಾಯಿಗೆ ಬರುವುದು ಅವ್ವನ ಕನ್ನಡವೇ.

ಗಿರಿಧರ ಸಿಕ್ಕಿದ್ದೂ ಆ ಸಿಟ್ಟಿನಿಂದಲೇ. ಕಂಪನಿಯ ಸೂರತ್ ಆಫೀಸಿನಲ್ಲಿ ಕಾಫಿ ಮಷೀನು ಕೆಟ್ಟು ನಿಂತಿತ್ತು, ಅವಳು ಅದಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಬೆನ್ನ ಹಿಂದಿನಿಂದ ಮೆಲುದನಿಯೊಂದು ಬಂತು.

"ಅದಕ್ಕೆ ಕನ್ನಡ ಬರುದಿಲ್ಲ ಮಾರಾಯ್ರೆ."

ತಿರುಗಿದರೆ, ತುಟಿ ಬಿಗಿಹಿಡಿದು ಕಣ್ಣಲ್ಲೇ ನಗುತ್ತಿದ್ದ ಹುಡುಗ. ಸೂರತ್ತಿನದೇ ಅಡಾಜಣ್‌ನಲ್ಲಿ ಅವನ ಮನೆಯವರದು ಉಡುಪಿ ಹೋಟೆಲು. ಕಂಪನಿಗೆ ಬಂಡವಾಳ ಹುಡುಕುವುದು ಅವನ ಕೆಲಸ. ಅಂದಿನಿಂದ ಇಬ್ಬರ ನಡುವೆ ಕನ್ನಡವೇ ಒಂದು ಪುಟ್ಟ ಖಾಸಗಿ ಕೋಣೆಯಾಯಿತು. ಅವನ 'ಎಂತ', 'ಉಂಟು'ಗಳನ್ನು ಅವಳು ಅಣಕಿಸುವಳು. ಅವನು ಅವಳ 'ಐತಿ'ಯನ್ನು ರಾಗ ಎಳೆದು ಹೇಳುವನು. ಮೀಟಿಂಗ್‌ನಲ್ಲಿ ಎಲ್ಲರೆದುರೇ ಗಂಭೀರ ಮುಖ ಮಾಡಿ, ಇವತ್ತು ಆ ಹಳದಿ ಕುರ್ತಾ ಚಂದ ಉಂಟು ಎಂದುಬಿಡುವನು. ಅವಳು ಕೆಂಪೇರಿ ಲ್ಯಾಪ್‌ಟಾಪಿನ ಹಿಂದೆ ಅಡಗುವಳು.

ಒಮ್ಮೆ ಅವನು ಖಾರಿಪೋರ್‌ನ ಅಳಿವೆಗೆ ಬಂದು ಮೊಣಕಾಲುದ್ದದ ಕೆಸರಲ್ಲಿ ಸಿಕ್ಕಿಬಿದ್ದಿದ್ದ. ಅವಳು ಕೈಕೊಟ್ಟು ಎಳೆದಳು. ದಡ ಸೇರಿದ ಮೇಲೂ ಅವನು ಕೈ ಬಿಡಲಿಲ್ಲ. ಬಿಡು ಎಂದು ಅವಳೂ ಹೇಳಲಿಲ್ಲ.

ಆ ಕೆಸರನ್ನು ಗೆಲ್ಲುವುದೇ ಎಂಜಿನಿಯರ್ ಆದ ಅವಳ ಜಿದ್ದು. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ಸೆಳೆತ ವಿಪರೀತ. ಆ ಸೆಳೆತಕ್ಕೆ ನೀರೊಳಗಿನ ಚಕ್ರ ತಿರುಗಬೇಕು, ಚಕ್ರದ ಬಲದಲ್ಲಿ ಕಡಲ ನೀರು ಸೋಸುಪರದೆಯ ಮೂಲಕ ಹಾಯಬೇಕು, ಉಪ್ಪು ಹಿಂದೆಯೇ ಉಳಿದು ಸಿಹಿನೀರು ಹೊರಬರಬೇಕು. ಕಲ್ಲಿದ್ದಲು ಬೇಡ, ಹೊಗೆ ಇಲ್ಲ. ಆದರೆ ಅಲ್ಲಿಯ ನೀರೆಂದರೆ ಅರ್ಧ ಕೆಸರು, ಪರದೆಗಳು ಮತ್ತೆ ಮತ್ತೆ ಕಟ್ಟಿಕೊಂಡವು. ಎರಡು ಮಳೆಗಾಲ ಅಲ್ಲೇ ನಿಂತು, ಸೋತು, ಬಿಚ್ಚಿ, ಮತ್ತೆ ಕಟ್ಟಿ ಅವಳು ಗೆದ್ದಿದ್ದಳು. ಯಂತ್ರಕ್ಕೆ ಜಾಗ ಕೊಟ್ಟದ್ದು ಊರಿನವರು, ನಮ್ಮ ಮನೆಗಳಿಗೆ ನೀರು ಬಂದರೆ ಸಾಕು ಎಂದು. ಮೊದಲ ನೀರನ್ನು ಬಾಯಿಗಿಟ್ಟ ಮೀನುಗಾರರ ಮನೆಯ ಲಕ್ಷ್ಮಿಬೆನ್ ಓಡಿಹೋಗಿ ತನ್ನ ಅತ್ತೆಯನ್ನು ಕೈಹಿಡಿದು ಕರೆತಂದಿದ್ದಳು.

ಆಮೇಲೆ ಪಕ್ಕದಲ್ಲೇ ರೆಸಾರ್ಟ್ ಬಂತು. ಕಂಪನಿಯ ಮಾಲೀಕ ಅಜಯ್‌ಭಾಯ್ ನೀರನ್ನು ಅತ್ತ ತಿರುಗಿಸಿದರು. ಊರಿಗೆ ಟ್ಯಾಂಕರ್ ಬರುತ್ತದಲ್ಲ, ದೊಡ್ಡ ಗಿರಾಕಿ ಸಿಕ್ಕರೆ ಕಂಪನಿಗೆ ಹೆಸರು ಎಂದರು. ಮೇದಿನಿ ಜಗಳವಾಡಿದಳು. ಗಿರಿಧರ ಅವಳನ್ನು ಪಕ್ಕಕ್ಕೆ ಕರೆದು, ಸ್ವಲ್ಪ ತಡಿ, ನಾನು ಮಾತಾಡ್ತೇನೆ ಎಂದಿದ್ದ. ಅವಳು ನಂಬಿದ್ದಳು.

ರೈಲು ಆಣಂದ್ ದಾಟುವಾಗ ಅವಳಿಗೆ ಇನ್ನೊಂದು ಹೊಳೆಯಿತು. ಹಾಲ್‌ನಲ್ಲಿದ್ದ ಎಲ್ಲರಿಗೂ ಗುಜರಾತಿ ಬರುತ್ತಿತ್ತು. ತಾನು ಕೇಳಿದ್ದು ಕನ್ನಡದಲ್ಲಿ. ಸಿಟ್ಟಿನಲ್ಲೂ ಅವನ ಮಾನ ಕಾಪಾಡಿದೆನಲ್ಲ ಎಂದು ಈಗ ಅವಳಿಗೆ ತನ್ನ ಮೇಲೇ ಕೋಪ ಬಂತು. ಅವನ ಫೋನ್ ಬಂದಾಗಲೆಲ್ಲ ಕಟ್ ಮಾಡಿದಳು. ಮನೆಯಲ್ಲಿ ಉಮಾಕಾಂತ ಮಗಳ ಮುಖ ನೋಡಿ ಚಹಾ ಮುಂದಿಟ್ಟರು.

ಮರುದಿನ ಬೆಳಿಗ್ಗೆಯೇ ಅವಳು ಖಾರಿಪೋರ್‌ಗೆ ಹೋದಳು. ಯಂತ್ರದ ಮನೆಯ ಮುಂದೆ ಲಕ್ಷ್ಮಿಬೆನ್ ಮತ್ತು ಊರಿನ ಹೆಂಗಸರು ಖಾಲಿ ಕೊಡಗಳನ್ನಿಟ್ಟು ಕುಳಿತಿದ್ದರು. ಮೇದಿನಿ ಅವರ ನಡುವೆ ಕುಳಿತು ನಡೆದದ್ದನ್ನೆಲ್ಲ ಗುಜರಾತಿಯಲ್ಲೇ ಬಿಡಿಸಿ ಹೇಳಿದಳು. ಲಕ್ಷ್ಮಿಬೆನ್‌ಳ ಮುಖ ಬಿಗಿಯಿತು. ಸಮುದ್ರ ನಮ್ಮದು, ಜಾಗ ನಮ್ಮದು, ಬಾಯಾರಿಕೆಯೂ ನಮ್ಮದೇ, ನೀರು ಮಾತ್ರ ಅವರದ್ದಾ ಎಂದು ಕೇಳಿದಳು. ತಾನೂ ಅಲ್ಲಿಂದ ಏಳುವುದಿಲ್ಲ ಎಂದಳು ಮೇದಿನಿ.

ಮಧ್ಯಾಹ್ನದ ಹೊತ್ತಿಗೆ ಕಾರೊಂದು ಬಂದು ನಿಂತಿತು. ಇಳಿದವರು ಮಂದಾಕಿನಿಬೆನ್. ಅಹಮದಾಬಾದಿನ ಹಾಲ್‌ನಲ್ಲಿ ಮುಂದೆ ಕುಳಿತಿದ್ದ ಹಿರಿಯ ಹೂಡಿಕೆದಾರರು. ಅವರು ಕಿತ್ತ ನಲ್ಲಿಯ ಗುರುತನ್ನೂ ಖಾಲಿ ಕೊಡಗಳನ್ನೂ ನೋಡಿ, ನೇರವಾಗಿ ಮೇದಿನಿಯ ಬಳಿ ಬಂದರು.

ನೀನು ಹೋದ ಮೇಲೆ, ಕನ್ನಡದಲ್ಲಿ ನೀನು ಏನು ಕೇಳಿದೆಯೆಂದು ನಾನು ಆ ಹುಡುಗನನ್ನು ವಿಚಾರಿಸಿದೆ ಎಂದರು. ಅವನು ಏನು ಬೇಕಾದರೂ ಹೇಳಿ ನುಣುಚಿಕೊಳ್ಳಬಹುದಿತ್ತು, ತಪ್ಪು ಹಿಡಿಯಲು ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ.

"ಆದರೆ ಅವನು ಮಾತುಮಾತಿಗೂ ಅರ್ಥ ಹೇಳಿದ," ಎಂದರು ಮಂದಾಕಿನಿಬೆನ್. "ಅಜಯ್‌ಭಾಯ್ ಎದುರಿಗೇ. ಆಮೇಲೆ, ಇನ್ನೊಂದು ಮಾತು ಅವಳು ಕೇಳಿಲ್ಲ, ನಾನೇ ಹೇಳ್ತೇನೆ ಅಂದ. ಈ ಯಂತ್ರ ಕಟ್ಟಿದವಳು ಅವಳು, ಈ ಸ್ಲೈಡ್‌ಗಳಲ್ಲಿ ಎಲ್ಲೂ ಅವಳ ಹೆಸರಿಲ್ಲ, ಅಂದ."

ಮೇದಿನಿ ತಲೆ ತಗ್ಗಿಸಿದಳು.

ಊರಿಗೆ ಮೊದಲು ನೀರು, ಇಲ್ಲವಾದರೆ ತಮ್ಮ ಬಂಡವಾಳವಿಲ್ಲ ಎಂದು ಮಂದಾಕಿನಿಬೆನ್ ಅಲ್ಲಿಂದಲೇ ಅಜಯ್‌ಭಾಯ್‌ಗೆ ಫೋನ್ ಮಾಡಿದರು. ಅಜಯ್‌ಭಾಯ್ ಎಳೆದಾಡಿ ಎಳೆದಾಡಿ ಒಪ್ಪಿದ್ದು ಅರ್ಧಕ್ಕೆ. ಬೆಳಗಿನ ನೀರು ಊರಿಗೆ, ಮಿಕ್ಕಿದ್ದು ರೆಸಾರ್ಟಿಗೆ. ಹೆಂಗಸರು ಸಂಭ್ರಮಿಸಲಿಲ್ಲ. ಕೊಟ್ಟ ಮಾತಿನ ಅರ್ಧ ಅಂದರೆ ಅರ್ಧ ಮೋಸ ಎಂದಳು ಲಕ್ಷ್ಮಿಬೆನ್. ಎಲ್ಲರೂ ಕೂಡಿ ಕಲೆಕ್ಟರ್ ಕಚೇರಿಗೆ ಹೋಗುವುದೆಂದಾಯಿತು. ಗಿರಿಧರನನ್ನು ಅಜಯ್‌ಭಾಯ್ ಕೆಲಸದಿಂದ ತೆಗೆದ ಸುದ್ದಿಯೂ ಅಷ್ಟರಲ್ಲೇ ಬಂತು.

ಅದೇ ದಿನ, ಅಡಾಜಣ್‌ನ ಹೋಟೆಲಿನಲ್ಲಿ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಇನ್ನೂ ಶುರುವಾಗದ ಹೊತ್ತು. ಗಿರಿಧರ ಒಬ್ಬನೇ ಟೇಬಲ್ ಒರೆಸುತ್ತಿದ್ದ. ಒಳಗೆ ಬಂದ ಮೇದಿನಿಯನ್ನು ಕಂಡು ಅವನ ಕೈ ನಿಂತಿತು. ಅವಳ ಸಲ್ವಾರ್ ಅಂಚಿನಲ್ಲಿ ಒಣಗಿದ ಕೆಸರು, ಕೆದರಿದ ಕೂದಲು. ಅವನು ಅವನ್ನೆಲ್ಲ ಒಂದೊಂದಾಗಿ ನೋಡಿದ, ಕಣ್ಣುಗಳನ್ನು ಮಾತ್ರ ಕೊನೆಗೆ.

"ಸ್ಲೈಡ್ ಯಾಕ ಮುಂದ ಸರಿಸಿದಿ?" ಎಂದಳು ಮೇದಿನಿ, ಕೂರದೆಯೇ.

ಅವನು ಸುಳ್ಳು ಹುಡುಕಲಿಲ್ಲ. "ಹೆದರಿಕೆ ಆಯ್ತು. ಆ ಹೊತ್ತಿಗೆ ಕೆಲಸವೇ ದೊಡ್ಡದು ಅಂತ ಕಂಡಿತು. ನೀನು ಬಾಗಿಲು ದಾಟಿದ ಮೇಲೆ ಅದು ಎಂತದೂ ಅಲ್ಲ ಅಂತ ಗೊತ್ತಾಯ್ತು."

"ನನ್ನ ಸಿಟ್ಟು ಹೋಗಿಲ್ಲ."

"ಗೊತ್ತುಂಟು."

"ಲಗೂನ ಹೋಗೂದೂ ಇಲ್ಲ." ದನಿ ನಡುಗಿತು. ಅದಕ್ಕೂ ಅವಳಿಗೆ ಕೋಪವೇ ಬಂತು. "ಪ್ರೀತಿ ಇಲ್ಲದವರ ಮ್ಯಾಲೆ ನಾ ಇಷ್ಟು ಸಿಟ್ಟು ಮಾಡಾಂಗಿಲ್ಲ, ತಿಳೀತಿಲ್ಲೋ?"

ಗಿರಿಧರ ಒರೆಸುವ ಬಟ್ಟೆಯನ್ನು ಮೆಲ್ಲಗೆ ಟೇಬಲ್ ಮೇಲಿಟ್ಟ. ಎರಡು ವರ್ಷದಿಂದ ಇದೇ ಮಾತನ್ನು ಹೇಗೆ ಹೇಳುವುದೆಂದು ತಾನು ಒದ್ದಾಡಿದ್ದನ್ನೂ, ಅವಳು ಅದನ್ನು ಬೈಗುಳದಂತೆ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದನ್ನೂ ನೆನೆದು ಅವನಿಗೆ ನಗು ಬಂತು, ಕಣ್ಣೂ ತುಂಬಿತು. ನನಗೂ, ಎಂದ.

ಅಡುಗೆಮನೆಯ ಬಾಗಿಲಲ್ಲಿ ಅವನ ತಾಯಿ ಕಮಲಾಕ್ಷಿ ಬಂದು ನಿಂತವರು, ಇಬ್ಬರನ್ನೂ ನೋಡಿ, ಸದ್ದಿಲ್ಲದೆ ಹಿಂದೆ ಸರಿದರು.

ಮೇದಿನಿ ಕುರ್ಚಿ ಎಳೆದು ಕುಳಿತಳು. ಕಲೆಕ್ಟರ್ ಕಚೇರಿಗೆ ಊರಿನ ಹೆಂಗಸರು ಬರುವ ವಿಷಯ, ಅಲ್ಲಿ ಏನೇನು ಕೇಳಬೇಕೆಂಬುದನ್ನೆಲ್ಲ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಮತ್ತೆ ಮುಖ ಕೆಂಪಾಯಿತು. ಗಿರಿಧರ ಎದುರಿಗೆ ಕುಳಿತು ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಕೊನೆಯವರೆಗೂ ಕೇಳಿದ.